ಭೂಪದಲ್ಲೊಂದು ನಿಷಾದ

ಅಪ್ಪನಿಗೆ ಲಕ್ವಾ ಹೊಡೆದು ಎಂಟು ತಿಂಗಳಾಗಿತ್ತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಕಾಲು ನಿಧಾನಕ್ಕೆ ಕೋಲಿನ ಆಸರೆಗೆ ಒಗ್ಗಿಕೊಂಡಿತು, ಕೈ ಒಗ್ಗಲಿಲ್ಲ. ಮಾತು ಮಾತ್ರ ಒಂದೇ ಬೆಳಗಿನಲ್ಲಿ ಹೋದದ್ದು ಹೋಗೇ ಹೋಗಿತ್ತು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ಮೆದುಳಿನ ಫೋಟೊ ಬೆಳಕಿಗೆ ಹಿಡಿದು ತೋರಿಸಿದ್ದರು. ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ, ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಅವರು ಹೇಳಬೇಕೆಂದದ್ದು ಬಾಯಿಗೆ ಬರುವುದಿಲ್ಲ ಎಂದಿದ್ದರು. ಆ ಮಾತು ಕೇಳುವಾಗ ಅಪ್ಪ ನನ್ನ ಬಾಜೂಕೇ ಕೂತಿದ್ದ. ಅವನಿಗೆ ಎಲ್ಲವೂ ತಿಳಿಯುತ್ತದೆ ಅಂದ ಮೇಲೆ ಅದೂ ತಿಳಿದಿರಬೇಕು ಅನ್ನುವುದು ನನಗೆ ಹೊಳೆದದ್ದು ಊರಿಗೆ ಬರುವ ಬಸ್ಸಿನಲ್ಲಿ.

ಮಾತಿಲ್ಲದ ಅಪ್ಪನನ್ನು ಊಹಿಸಿಕೊಳ್ಳುವುದೂ ನಮ್ಮ ಊರಿಗೆ ಕಷ್ಟವಿತ್ತು. ಕುಂದಗೋಳದಿಂದ ಅಷ್ಟೇನೂ ದೂರವಿಲ್ಲದ ಊರು ನಮ್ಮದು. ಅಪ್ಪ ಹರೆಯದಲ್ಲಿ ದಿನಾ ಸೈಕಲ್ ತುಳಿದು ಕುಂದಗೋಳಕ್ಕೆ ಹೋಗಿ, ಅಲ್ಲೊಬ್ಬ ಗುರುಗಳ ಮುಂದೆ ಏಳು ವರ್ಷ ಹಾಡುವುದು ಕಲಿತವನು. ಆಮೇಲೆ ಹೊಲ ಹಿಡಿದ. ಮೆಣಸಿನಕಾಯಿ, ಹತ್ತಿ, ಹಿಂಗಾರಿಗೆ ಕಡಲಿ. ಕಛೇರಿಯ ಗಾಯಕನಾಗಲಿಲ್ಲ, ಆಗಬೇಕೆಂದುಕೊಂಡಿದ್ದನೋ ಇಲ್ಲವೋ ಯಾರಿಗೂ ಹೇಳಲಿಲ್ಲ. ಆದರೆ ಮಠದಲ್ಲಿ ಸೋಮವಾರದ ಭಜನಿ ನಲವತ್ತು ವರ್ಷ ಅವನ ಕೈಯಲ್ಲೇ ನಡೆಯಿತು. ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಕೂತನೆಂದರೆ ಗೌಡರಿರಲಿ, ಮಾಸ್ತರರಿರಲಿ, ಯಾರೂ ಸುಮ್ಮನೆ ಬಾಯಿ ಹಾಕುವಂತಿರಲಿಲ್ಲ. ರಾಗದಲ್ಲಿ ಇಲ್ಲದ ಸ್ವರವನ್ನು ಯಾರಾದರೂ ತಂದರೆ ಉಣ್ಣುವಾಗ ಹರಳು ಕಡಿದವನ ಹಾಗೆ ಮುಖ ಮಾಡುತ್ತಿದ್ದ.

ನನ್ನನ್ನು ಕೊಟ್ಟದ್ದು ಅದೇ ಊರಿಗೆ, ಎರಡು ಓಣಿ ಆಚೆ. ಸಾಲಿಯಲ್ಲಿ ಟೀಚರ್ ಆಗಿದ್ದೇನೆ. ಅಣ್ಣ ನಸುಕಿನಲ್ಲೇ ಹೊಲಕ್ಕೆ ಹೋಗುವುದರಿಂದ ಅಪ್ಪನ ಕೈಗೆ ವ್ಯಾಯಾಮ ಮಾಡಿಸುವ ಕೆಲಸ ನನಗೆ ಬಂದಿತ್ತು. ಬೆಳಿಗ್ಗೆ ಅಡಿಗೆ ಮುಗಿಸಿ, ಸಾಲಿಯ ಚೀಲ ಹೆಗಲಿಗೆ ಹಾಕಿಕೊಂಡೇ ತವರಿಗೆ ಹೋಗುತ್ತಿದ್ದೆ. ಪಡಸಾಲೆಯ ಕಂಬಕ್ಕೆ ಒರಗಿಸಿ ಕೂಡಿಸಿ, ಅವನ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ಮೇಲೆ, ಕೆಳಗೆ, ಬೆರಳು ಒಂದೊಂದಾಗಿ ಬಿಚ್ಚುವುದು, ಮಡಚುವುದು. ಪೇಟಿಯ ಮೇಲೆ ಓಡಾಡಿದ ಬೆರಳುಗಳು ಅವು. ತೊಯ್ದ ಅರಿವೆಯ ಹಾಗೆ ಜೋತು ಬೀಳುತ್ತಿದ್ದವು. ಅಪ್ಪ ಅವುಗಳ ಕಡೆ ನೋಡುತ್ತಲೇ ಇರಲಿಲ್ಲ.

ಈ ವ್ಯಾಯಾಮ ಕಲಿಸಿಕೊಟ್ಟವಳು ಹುಬ್ಬಳ್ಳಿಯ ಒಬ್ಬ ಫಿಸಿಯೋಥೆರಪಿ ಹುಡುಗಿ. ಹದಿನೈದು ದಿನಕ್ಕೊಮ್ಮೆ ಅಪ್ಪನನ್ನು ಅವಳ ಹತ್ತಿರ ಕರೆದೊಯ್ಯುತ್ತಿದ್ದೆ. ಅವಳ ಕೋಣೆಯಲ್ಲಿ ಸದಾ ಏನಾದರೊಂದು ವಾದ್ಯ ಮೆಲ್ಲಗೆ ನುಡಿಯುತ್ತಿರುತ್ತಿತ್ತು. ಒಮ್ಮೆ ಕೇಳಿದೆ, ಇದೇನು ಅಂತ.

“ಗಿಟಾರ್ ರೀ ಟೀಚರ್. ಜಾಝ್ ನುಡಸಾವ್ರು ಇವ್ರು, ಹೊರದೇಶದವ್ರು. ಜಾಝ್ ಅಂದ್ರ ಬರದಿಟ್ಟದ್ದು ನುಡಸೂದಲ್ರಿ, ಆ ಹೊತ್ತಿಗೆ ತಲಿಗೆ ಬಂದದ್ದು ಬೆಳಸ್ಕೋತ ಹೋಗೂದು. ಜೀವನಾನೆಲ್ಲ ಕರೆಂಟಿನ ಗಿಟಾರ್ ನುಡಿಸ್ಯಾರ. ವಯಸ್ಸಾದ ಮ್ಯಾಲೆ ಅದನ್ನ ಬಿಟ್ಟು, ಬರೇ ಕಟ್ಟಿಗಿ ಗಿಟಾರ್ ತಗೊಂಡು, ನಮ್ಮ ರಾಗದ ಗುಂಗಿನಾಗ ಒಂದು ಆಲ್ಬಮ್ ಮಾಡ್ಯಾರ. ನಿಮಗ ಕಳಸ್ತೀನಿ. ಅಜ್ಜಾರಿಗೆ ಕೈ ಮಾಡಸುವಾಗ ಸಣ್ಣಗ ಹಚ್ಚರಿ.”

ಅವಳು ಅಲ್ಲೇ ಮೊಬೈಲಿಗೆ ಕಳಿಸಿದಳು. ಚಿತ್ರದಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ, ಮೊಣಕಾಲ ಮೇಲೆ ಗಿಟಾರ್ ಇಟ್ಟುಕೊಂಡು ಅದರ ಹೊಟ್ಟೆಗೆ ಕಿವಿ ಕೊಟ್ಟಿದ್ದ. ನಾನು ಅದನ್ನು ವಾರಗಟ್ಟಲೆ ಮರೆತೇಬಿಟ್ಟಿದ್ದೆ.

ಒಂದು ಗುರುವಾರ ನೆನಪಾಯಿತು. ಮೊಬೈಲನ್ನು ಅಪ್ಪನ ಬಾಜೂಕಿನ ಕಟ್ಟೆಯ ಮೇಲಿಟ್ಟು ಹಚ್ಚಿದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೊದಲ ಎರಡು ನುಡಿಕೆಗಳು ಬಂದು ಹೋದವು. ಅಪ್ಪ ಎಂದಿನಂತೆ ಅಂಗಳದ ಕಡೆ ಮುಖ ಮಾಡಿ ಕೂತಿದ್ದ. ಮೂರನೆಯದು ಶುರುವಾಯಿತು. ಮೊದಲು ಒಂದೇ ತಂತಿ ತಂಬೂರಿಯ ಹಾಗೆ ನಿಂತು ನುಡಿಯಿತು. ಆಮೇಲೆ ಸಾ, ರೇ, ಗ. ಎಲ್ಲಿಯೋ ಕೇಳಿದ್ದೇನಲ್ಲ ಅನ್ನಿಸಿ ನನ್ನ ಕೈ ನಿಂತಿತು. ಪ, ಧ, ಮೇಲಿನ ಸಾ. ಭೂಪ. ನಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಕೇಳಿದ ರಾಗ. ಐದೇ ಸ್ವರ ಅದಕ್ಕೆ, ಮಧ್ಯಮವಿಲ್ಲ, ನಿಷಾದವಿಲ್ಲ. ದೀಪ ಹಚ್ಚುವ ಹೊತ್ತಿನ ರಾಗವನ್ನು ಬೆಳಿಗ್ಗೆ ಹಚ್ಚಿದ್ದೇನೆ ಅಂತ ನನಗೆ ಅಳುಕಾಯಿತು. ಅಪ್ಪನ ಮುಖ ನೋಡಿದೆ. ಕಣ್ಣು ಮುಚ್ಚಿದ್ದ.

ಗಿಟಾರಿನ ಮುದುಕ ಅವಸರ ಮಾಡಲಿಲ್ಲ. ಬೆರಳು ತಂತಿಯ ಮೇಲೆ ಜಾರುವ ಸಪ್ಪಳ, ಅವನು ಉಸಿರು ತೆಗೆದುಕೊಳ್ಳುವುದು ಸುದ್ದಾ ಕೇಳುತ್ತಿತ್ತು. ಧೈವತದಿಂದ ಮೇಲಿನ ಸಾಕ್ಕೆ ಹೋಗುತ್ತಾನೆ ಅನ್ನುವಾಗ, ನಡುವೆ ಒಂದು ಕಡೆ ನಿಂತುಬಿಟ್ಟ. ಕೋಮಲ ನಿಷಾದ. ಭೂಪದ ಹೊಸ್ತಿಲೊಳಗೆ ಕಾಲಿಡಬಾರದ ಸ್ವರ.

“ಅಲ್ಲಲೇ!”

ನಾನು ಬೆಚ್ಚಿಬಿದ್ದೆ. ಹಿಡಿದಿದ್ದ ಅಪ್ಪನ ಕೈ ನನ್ನ ಕೈಯಿಂದ ಜಾರಿ ಅವನ ತೊಡೆಯ ಮೇಲೆ ಬಿತ್ತು. ಬಾಗಿಲಲ್ಲಿ ಯಾರಾದರೂ ಬಂದರೇನೋ ಅಂತ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಯಾರಂದ್ರು?” ಅಂದಳು.

“ಅಪ್ಪ.”

ಅಪ್ಪ ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಮೊಬೈಲನ್ನು ದುರುಗುಟ್ಟಿ ನೋಡುತ್ತಿದ್ದ, ಭಜನಿಯಲ್ಲಿ ತಪ್ಪು ಹಾಡಿದವನನ್ನು ನೋಡುತ್ತಿದ್ದ ಹಾಗೆ. ಅವ್ವ ಅಲ್ಲೇ ಕುಸಿದು ಕೂತು, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಎಂಟು ತಿಂಗಳು ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಅಳು ಬರಲಿಲ್ಲ. ಅವತ್ತು ಸಾಲಿಗೆ ಹೋಗಲಿಲ್ಲ.

ಆಮೇಲಿನ ಎರಡು ದಿನ ನಾವು ಮಾಡಿದ್ದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅಪ್ಪನ ಮುಂದೆ ಕೂತು ಕೂಸಿಗೆ ಕಲಿಸುವ ಹಾಗೆ, “ನೀರು ಅನ್ನು. ಅವ್ವ ಅನ್ನು. ನನ್ನ ಹೆಸರು ಹೇಳು” ಅಂತ ಕಾಡಿದೆವು. ಅವನ ತುಟಿ ನಡುಗುತ್ತಿತ್ತು, ಹಣೆಯ ಮೇಲೆ ಬೆವರು. ಮಾತು ಬರಲಿಲ್ಲ. ಒಮ್ಮೆ ನೀರು ಬೇಕೆಂದು ತಂಬಿಗೆ ತೋರಿಸುತ್ತ “ಎತ್ತು” ಅಂದ. ಮನೆಯಲ್ಲಿ ಎತ್ತು ಇಲ್ಲದೆ ಹತ್ತು ವರ್ಷವಾಗಿತ್ತು. ಅಂದದ್ದು ತಪ್ಪೆಂದು ಅವನಿಗೇ ಗೊತ್ತಾಗಿ ತಂಬಿಗೆಯನ್ನು ಎಡಗೈಯಲ್ಲಿ ದೂಡಿಬಿಟ್ಟ.

ಆದರೆ ಆ ಮೂರನೆಯ ನುಡಿಕೆ ಹಚ್ಚಿದರೆ, ನಿಷಾದ ಬಂದ ಕೂಡಲೇ “ಅಲ್ಲಲೇ!” ತಪ್ಪದೆ ಬರುತ್ತಿತ್ತು, ಅದೇ ದನಿಯಲ್ಲಿ, ಅದೇ ಸಿಟ್ಟಿನಲ್ಲಿ.

ಸುದ್ದಿ ಕೇಳಿ ತಬಲಾ ಕಾಕಾ ಓಡಿಬಂದ. ಭಜನಿಯಲ್ಲಿ ಅಪ್ಪನಿಗೆ ನಲವತ್ತು ವರ್ಷ ತಬಲಾ ಸಾಥ್ ಕೊಟ್ಟವನು, ಅಪ್ಪನ ಜೀವದ ಗೆಳೆಯ. ಲಕ್ವಾ ಹೊಡೆದ ಮೇಲೆ ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದ. ಅವನನ್ನ ಹಂಗ ನೋಡಾಕ ಆಗೂದಿಲ್ಲ ಅಂತ ಅವ್ವನ ಹತ್ತಿರ ಹೇಳಿದ್ದನಂತೆ. ಅಪ್ಪನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ನಾನು ಹಚ್ಚಿದೆ. ನಿಷಾದ ಬಂತು.

“ಅಲ್ಲಲೇ!” ಅಂದ ಅಪ್ಪ.

ಕಾಕಾ ಎರಡೂ ಕೈ ಜೋಡಿಸಿ ಮಠದ ದಿಕ್ಕಿಗೆ ಮುಗಿದ. ಆಮೇಲೆ ನುಡಿಕೆಯನ್ನು ಮತ್ತೆ ಮೊದಲಿನಿಂದ ಹಚ್ಚಿಸಿ, ಪೂರ್ತಿ ಕೇಳಿ, ತಲೆ ತೂಗಿದ.

“ಈ ಮನಷ್ಯಾಗ ಭೂಪ ಗೊತ್ತೈತಿ,” ಅಂದ. “ಗೊತ್ತಿಲ್ದ ಬಿದ್ದ ತಪ್ಪಲ್ಲ ಇದು. ಅಗದಿ ಗೊತ್ತಿದ್ದ ಹಚ್ಯಾನ. ನೋಡು, ನಿಷಾದದ ಮ್ಯಾಲೆ ನಿಂತ್ಕೋತಾನ, ಯಾರರೆ ಏನರೆ ಅಂತಾರೇನಂತ ಕಾಯ್ತಾನ, ಆಮ್ಯಾಲೆ ಇಳದ ಬರ್ತಾನ.”

ಅಪ್ಪ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಎಡಗೈ ಎತ್ತಿದ. ಗಿಟಾರ್ ನಿಂತ ಜಾಗದಿಂದಲೇ, ಒಡೆದ, ಗಾಳಿ ತುಂಬಿದ ದನಿಯಲ್ಲಿ, ಅಪ್ಪ ಹಾಡಿದ. ಧ, ಸಾ. ಸಾ, ಧ, ಪ. ಗ, ರೇ, ಸಾ. ನಿಷಾದ ಬಿಟ್ಟು, ಸರಿಯಾಗಿ. ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಭಜನಿ ಶುರು ಮಾಡುತ್ತಿದ್ದ ಪದದ ಮೊದಲ ಸಾಲನ್ನು ಅದೇ ಭೂಪದಲ್ಲಿ, ಮಾತುಸಹಿತ, ಒಂದಕ್ಷರವೂ ತಪ್ಪದೆ ಹಾಡಿಬಿಟ್ಟ. ನೀರು ಅನ್ನಲಾಗದ ಬಾಯಿ ಅದು. ಕಾಕಾನ ಕೈ ತಂತಾನೇ ತನ್ನ ತೊಡೆಯ ಮೇಲೆ ತಾಳದ ಠೇಕಾ ಹಿಡಿದಿತ್ತು, ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಖುಷಿಯಾಗಬೇಕಿತ್ತು. ನನಗೆ ಆದದ್ದು ಭಯ. ಸತ್ತವರ ದನಿ ಕೇಳಿದರೆ ಹೀಗೇ ಆಗುತ್ತದೇನೋ.

ಫೋನು ಮಾಡಿ ಹೇಳಿದಾಗ ಫಿಸಿಯೋಥೆರಪಿ ಹುಡುಗಿ ಕುಣಿದಾಡಿದಳು. ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ ಇರುತ್ತದಂತೆ. ಕೆಲವರಿಗೆ ಹಾಡಿನ ದಾರಿಯಿಂದ ಮಾತು ವಾಪಸು ಬರುವುದುಂಟಂತೆ. ದಿನಾ ಹಾಡಿಸರಿ, ಅವಸರ ಮಾಡಬ್ಯಾಡ್ರಿ, ಒಂದು ಮಾತಿನ ಬದಲು ಬ್ಯಾರೆ ಮಾತು ಬಂದ್ರ ನಗಬ್ಯಾಡ್ರಿ ಅಂದಳು.

ದಿನಾ ಹಚ್ಚಿದೆ. ಅಪ್ಪ ಗಿಟಾರಿನ ಮುದುಕನ ಜೊತೆ ದಿನಾ ಜಗಳಾಡಿದ. ಒಂದೊಂದೇ ಮಾತು ಸೇರುತ್ತ ಬಂತು. “ಅಲ್ಲಲೇ” ಆದಮೇಲೆ “ಬ್ಯಾಡ” ಬಂತು, “ತಪ್ಪು” ಬಂತು, ಒಂದು ದಿನ ಗಿಟಾರಿನ ಮುದುಕನಿಗೆ “ಕತ್ತಿ” ಅಂದ, ಕತ್ತೆ ಅಂತ. ಸಿಟ್ಟಿನ ಮಾತುಗಳೇ ಮೊದಲು ಬಂದವು. ಅವ್ವ ನಕ್ಕು, “ಇದ್ದ ಗುಣಾ ಎಲ್ಲಿ ಹೋಗ್ತೈತಿ” ಅಂದಳು. ನೀರಿಗೆ ನೀರು ಅಂದದ್ದು ತಿಂಗಳಾದ ಮೇಲೆ. ನನ್ನ ಹೆಸರು ಇನ್ನೂ ಬಂದಿರಲಿಲ್ಲ.

ಇಲ್ಲಿ ನನ್ನದೊಂದು ಹಳೆಯ ಮಾತು ಹೇಳಬೇಕು. ನನಗೂ ಅಪ್ಪ ಹಾಡುವುದು ಕಲಿಸಿದ್ದ. ಎಂಟನೆಯ ವಯಸ್ಸಿನಿಂದ ದಿನಾ ಸಂಜೆ ಅವನ ಪೇಟಿಯ ಮುಂದೆ ಕೂತಿದ್ದೇನೆ. ಹದಿನಾರು ತುಂಬಿದ ವರ್ಷ ಶ್ರಾವಣದ ಕೊನೆಯ ಸೋಮವಾರ ಮಠದಲ್ಲಿ ಮೊದಲ ಸಲ ಒಬ್ಬಳೇ ಹಾಡಿದೆ. ಭೂಪವೇ. ಮಠ ತುಂಬ ಜನ. ಎರಡನೆಯ ನುಡಿಗೆ ಬಂದಾಗ ಏನಾಯಿತೋ, ಧೈವತದ ಮೇಲೆ ನಿಂತಿದ್ದವಳಿಗೆ ಬಾಜೂಕೇ ಏನೋ ಒಂದು ಕರೆದ ಹಾಗಾಯಿತು. ಹೋದೆ. ಕೋಮಲ ನಿಷಾದ ಮುಟ್ಟಿ ಬಂದೆ. ತಪ್ಪೆಂದು ಗೊತ್ತಿತ್ತು, ಆದರೂ ಅದರ ರುಚಿ ನಾಲಗೆಯ ಮೇಲೆ ನಿಂತಿತ್ತು. ಮತ್ತೊಮ್ಮೆ ಹೋದೆ. ಹೆಣ್ಣುಮಕ್ಕಳ ಸಾಲಿನಿಂದ ಯಾರೋ “ಆಹಾ” ಅಂದರು. ಪೇಟಿ ನಿಂತಿತು. ಅಪ್ಪ ನನ್ನ ಮುಖವನ್ನೂ ನೋಡದೆ, “ಮನೀಗೆ ಹೋಗು” ಅಂದ. ಅಷ್ಟು ಜನರ ನಡುವೆ ಎದ್ದು, ಚಪ್ಪಲಿ ಹುಡುಕಿಕೊಂಡು, ಒಬ್ಬಳೇ ಮನೆಗೆ ಬಂದೆ. ಅಪ್ಪ ಆಮೇಲೆ ನನ್ನನ್ನು ಪೇಟಿಯ ಮುಂದೆ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಸಾಲಿಯ ಪ್ರಾರ್ಥನೆಯಲ್ಲಿ ಸುದ್ದಾ ನಾನು ಬರೀ ತುಟಿ ಆಡಿಸುವವಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎಂದಿನಂತೆ ತವರಿಗೆ ಹೋದೆ. ಅಂಗಳಕ್ಕೆ ಕಾಲಿಡುವಾಗಲೇ ಅಪ್ಪನ ದನಿ ಕೇಳಿತು. ಮೊಬೈಲು ನನ್ನ ಚೀಲದಲ್ಲಿತ್ತು, ಗಿಟಾರ್ ಇರಲಿಲ್ಲ. ತಾನೊಬ್ಬನೇ ಕೂತು ಹಾಡುತ್ತಿದ್ದ. ಗ, ಪ, ಧ. ಧೈವತದ ಮೇಲೆ ನಿಂತ. ಆಮೇಲೆ, ಬಲು ಮೆಲ್ಲಗೆ, ನಿಷಾದಕ್ಕೆ ಹೋದ.

ತಪ್ಪಿ ಹೋದನೆಂದುಕೊಂಡೆ. ಇಲ್ಲ. ಮತ್ತೆ ಹೋದ. ಮೂರನೆಯ ಸಲ ಅದರ ಮೇಲೆ ನಿಂತು, ತಲೆ ತೂಗಿ, ಅದನ್ನು ಸವಿದು, ಇಳಿದು ಬಂದ. ಗಿಟಾರಿನ ಮುದುಕ ಇಳಿದು ಬರುತ್ತಿದ್ದ ದಾರಿಯಲ್ಲೇ.

ನಾನು ಅಂಗಳದಲ್ಲೇ ನಿಂತೆ. ಅವನ ಬಾಯಿಂದ ಮೊದಲ ಮಾತು ಬಂದ ದಿನ ಆದ ಆಘಾತಕ್ಕಿಂತ ಇದು ದೊಡ್ಡದು. ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಜೀವನವಿಡೀ ಯಾರಿಗೂ ಬಿಟ್ಟುಕೊಡದ ಸ್ವರವನ್ನು, ಎಲ್ಲಿಯವನೋ, ಮುಖ ನೋಡದ ಒಬ್ಬ ಮುದುಕನಿಗೆ ಬಿಟ್ಟುಕೊಟ್ಟಿದ್ದಾನೆ!

ಚೀಲ ಕಟ್ಟೆಯ ಮೇಲೆ ಒಗೆದು ಅವನೆದುರು ನಿಂತೆ.

“ಅಪ್ಪಾ, ಇದನ್ನ ನಾ ಹಾಡಿದ್ನಿ.”

ಅವನು ಹಾಡು ನಿಲ್ಲಿಸಿದ.

“ಮಠದಾಗ. ನೆನಪೈತೇನು? ಇದ ನಿಷಾದ. ಅಷ್ಟು ಮಂದಿ ಮುಂದ ನನ್ನ ಎಬ್ಬಿಸಿ ಕಳಿಸಿದಿ. ಅಂವ ನುಡಿಸಿದ್ರ ಚಂದ, ನಾ ಹಾಡಿದ್ರ ತಪ್ಪು? ಯಾಕ ಎಬ್ಬಿಸಿದಿ? ಹೇಳು!”

ಮಾತು ಕಷ್ಟವಿರುವ ಮುದುಕನ ಮೇಲೆ ಒದರುತ್ತಿದ್ದೇನೆ ಅಂತ ಗೊತ್ತಿತ್ತು. ನಿಲ್ಲಿಸಲಾಗಲಿಲ್ಲ. ಅವ್ವ ಒಳಗಿನಿಂದ, “ಯವ್ವಾ, ಬಿಡ, ಅಂವಗೇನ ತಿಳೀತೈತಿ” ಅಂದಳು. ತಿಳಿಯುತ್ತಿತ್ತು. ಅಪ್ಪನ ಮುಖ ನೋಡಿದರೆ ಎಲ್ಲ ತಿಳಿಯುತ್ತಿತ್ತು. ತುಟಿ ಅತ್ತಿತ್ತ ಹೊರಳಿದವು. ಕುತ್ತಿಗೆಯ ನರ ಉಬ್ಬಿದವು. ಬಹಳ ಹೊತ್ತು ಒದ್ದಾಡಿದ. ಸಾಕು ಬಿಡು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಂದೇ ಮಾತು ಅಂದ.

“ಹೊಟ್ಟಿಕಿಚ್ಚು.”

ಅಂದು, ತನ್ನ ಎಡಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ.

ನಾನು ಕೇಳಿದ್ದು ಸರಿಯೇ ಅಂತ ಅವ್ವನ ಕಡೆ ನೋಡಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು, ನೆಲ ನೋಡುತ್ತಿದ್ದಳು. ಅವಳಿಗೆ ಆಘಾತವಾದ ಹಾಗೆ ಕಾಣಲಿಲ್ಲ. ಅದೇ ನನಗೆ ಇನ್ನೊಂದು ಪೆಟ್ಟು.

ಒಳಗೆ ಹೋಗಿ ಅವಳನ್ನು ಕೇಳಿದೆ, ನಿನಗ ಗೊತ್ತಿತ್ತೇನು ಅಂತ. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

“ಅವತ್ತ ಮಠದಿಂದ ಬಂದಾವ ಉಣಲಿಲ್ಲ,” ಅಂದಳು. “ಯಾಕಂತ ಕೇಳಿದ್ನಿ. ಏಳು ವರ್ಷ ಗುರುಗಳ ಮುಂದ ಕುಂತ್ರೂ ನನಗ ಹಂಗ ಒಂದು ಸ್ವರ ತಾನಾಗೇ ಬರ್ಲಿಲ್ಲ ಅಂದ. ಅಷ್ಟ ಅಂದಿದ್ದ.”

“ನನಗ ಯಾಕ ಹೇಳ್ಲಿಲ್ಲ ನೀ?”

“ಹೇಳಿ ಏನ್ ಮಾಡ್ಲಿ? ಗಂಡನ ಮಾತು ಮಗಳಿಗೆ ಹೆಂಗ ಹೇಳ್ಲಿ?”

ನಾನು ಸಾಲಿಗೆ ನಡೆದೆ. ದಾರಿ ಹೇಗೆ ಸವೆಯಿತೋ ಗೊತ್ತಿಲ್ಲ. ಏಳನೆಯ ಇಯತ್ತೆಗೆ ಹೋಗಬೇಕಾದವಳು ಐದನೆಯದಕ್ಕೆ ಹೋಗಿ ನಿಂತಿದ್ದೆ. ಮೂವತ್ತು ವರ್ಷ ನಾನು ಒಂದು ಲೆಕ್ಕ ಹಿಡಿದುಕೊಂಡು ಬದುಕಿದ್ದೆ: ನನಗೆ ಹಾಡು ಒಲಿಯಲಿಲ್ಲ, ರಾಗದ ಶಿಸ್ತು ನನ್ನ ಕೈಲಾಗಲಿಲ್ಲ, ಅಪ್ಪ ಮಾಡಿದ್ದು ಕಠಿಣವಾದರೂ ನ್ಯಾಯ. ಆ ನ್ಯಾಯವನ್ನು ಆಧಾರ ಮಾಡಿಕೊಂಡೇ ಮದುವೆಯಾಗಿದ್ದೆ, ಟೀಚರ್ ಆಗಿದ್ದೆ, ಮಗಳಿಗೆ ಹಾಡು ಕಲಿಸದೇ ಬಿಟ್ಟಿದ್ದೆ. ಈಗ ಅದರ ಬುಡವೇ ಇಲ್ಲ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ, ಫಿಸಿಯೋಥೆರಪಿ ಹುಡುಗಿಯನ್ನು, ಯಾತಕ್ಕೆ ಅಂದದ್ದು ಅಂತ ಹೇಳದೆ, ಕೇಳಿದೆ: ಇಂಥವರು ಅಂದ ಮಾತನ್ನು ನಂಬಬಹುದೇ? ಎತ್ತು ಅಂದು ನೀರು ಕೇಳಿದವನು ಇನ್ನೇನೋ ಹೇಳಲು ಹೋಗಿ ಹೊಟ್ಟೆಕಿಚ್ಚು ಅಂದಿರಬಹುದಲ್ಲ?

“ಅಂದಿರಬಹುದ್ರಿ,” ಅಂದಳು ಅವಳು. “ಅಂದ ಮ್ಯಾಲೆ ಮುಖ ಹೆಂಗ ಮಾಡಿದ್ರು? ತಪ್ಪು ಮಾತು ಬಂದ್ರ ಅವ್ರಿಗೆ ಸಿಟ್ಟು ಬರತೈತಿ.”

ಅಪ್ಪನಿಗೆ ಸಿಟ್ಟು ಬಂದಿರಲಿಲ್ಲ. ಎದೆಯ ಮೇಲಿನ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಹುಬ್ಬಳ್ಳಿಯಿಂದ ಬಂದ ಮೇಲೆ ಒಂದು ವಾರ ನಾನು ತವರಿಗೆ ಹೋಗಲಿಲ್ಲ. ವ್ಯಾಯಾಮ ಅಣ್ಣ ಮಾಡಿಸಿದ. ಆ ವಾರ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಕದ ಹಾಕಿಕೊಂಡು ಸಾ ಹಚ್ಚಿದೆ. ನನ್ನ ದನಿ ಎಲ್ಲಿಯೋ ಒಂದು ಕಡೆ ಹಾಗೇ ಇದೆ, ಕರೆದರೆ ಬರುತ್ತದೆ ಅಂತ ಒಳಗೊಳಗೇ ನಂಬಿದ್ದೆನೇನೋ. ಬಂದದ್ದು ಒಣಗಿದ, ಒರಟಾದ, ಎರಡು ಕಡೆ ಒಡೆಯುವ ದನಿ. ಪಂಚಮ ದಾಟುವುದರೊಳಗೆ ಕೆಮ್ಮು ಬಂತು. ವರ್ಷಗಟ್ಟಲೆ ಮಕ್ಕಳ ಮೇಲೆ ಒದರಿದ ಗಂಟಲು. ಒಬ್ಬಳೇ ನಿಂತು ದಂಗಾದೆ. ಅಪ್ಪನ ತಪ್ಪೊಪ್ಪಿಗೆಯಿಂದ ಅದು ವಾಪಸು ಬರುವಂಥದ್ದಲ್ಲ. ಅವತ್ತು ನಾನು ಅತ್ತೆ. ಗಂಡ ಗ್ಯಾರೇಜಿನಿಂದ ಬಂದು, “ಯಾಕ, ಗಂಟ್ಲಾ ಕಟ್ಟೇತೇನು?” ಅಂತ ಕೇಳಿದ. ಹೌದು ಅಂದೆ.

ಎಂಟನೆಯ ದಿನ ತವರಿಗೆ ಹೋದೆ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನನ್ನು ಕ್ಷಮಿಸಿದ್ದೆನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಈಗಲೂ ದಿನಕ್ಕೊಂದು ರೀತಿ. ಅವನ ಬಲಗೈ ಎತ್ತಿಕೊಂಡೆ. ಬೆರಳು ಬಿಚ್ಚುತ್ತ, ಅವನ ಕಡೆ ನೋಡದೆ, ನನ್ನ ಒಡಕು ದನಿಯಲ್ಲಿ ಸಾ ಹಚ್ಚಿದೆ. ರೇ. ಗ.

ಅಪ್ಪ ಎಡಗೈ ಎತ್ತಿ ನಿಲ್ಲಿಸಿದ. ನನ್ನ ಗಾಂಧಾರ ಶ್ರುತಿಯಿಂದ ಇಳಿದಿತ್ತು, ನನಗೂ ಕೇಳಿಸಿತ್ತು.

“ಇನ್ನೊಮ್ಮಿ,” ಅಂದ.

ಆ ಮಾತು ಅವನ ಬಾಯಲ್ಲಿ ಹೊಸದು. ಅವನು ಇಂಥ ಹೊಸ ಮಾತು ಅಂದಾಗಲೆಲ್ಲ ನಾವು ಅವ್ವನನ್ನು ಕರೆದು ತೋರಿಸುವ ರೂಢಿಯಿತ್ತು. ಅವತ್ತು ಕರೆಯಲಿಲ್ಲ. ನನಗೆ ಸಿಟ್ಟೇ ಬಂತು. ಸಾಲಿಗೆ ಹೊತ್ತಾಗುತ್ತಿತ್ತು, ಮೊದಲ ತಾಸು ನನ್ನದೇ ಇತ್ತು. ಗಂಟಲು ಸರಿಮಾಡಿಕೊಂಡು ಮತ್ತೆ ಸಾದಿಂದ ಶುರು ಮಾಡಿದೆ.